ದಿನಬಳಕೆಯಲ್ಲಿ ತರ್ಕ
(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ನಾಡುನುಡಿಗಳ ಹಿರಿಮೆಯನ್ನು ಹೇಳುವುದು ವಾಡಿಕೆ. ಆ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡಬಲ್ಲವರು ಈ ವೇದಿಕೆಯ ಮೇಲೆಯೇ ಇದ್ದಾರೆ. ನಾವು ತೆಗೆದುಕೊಂಡಿರುವ ವಿಷಯ ತರ್ಕ. ಈ ಹೆಸರನ್ನು ಅಧ್ಯಕ್ಷರು ಓದಿದೊಡನೆ ಹಿಂದಿನ ಸಾಲಿನ ಕೆಲವರು ಕಾಫಿ ಕಾಯಿಸುತ್ತಿರುವ ಕಡೆಗೆ ನೋಡಿದುದನ್ನು ಕಂಡೆವು. ಅವರನ್ನು ಆಕ್ಷೇಪಿಸುವುದಿಲ್ಲ. ಅವರು ತರ್ಕ ಮಾಡಿಯೇ ಆ ಕಡೆಗೆ ನೋಡಿದರು: ‘ತರ್ಕದ ಮೇಲಿನ ಭಾಷಣಗಳೆಲ್ಲ ಉದ್ದ, ಇದು ತರ್ಕದ ಮೇಲಿನ ಭಾಷಣ, ಆದುದರಿಂದ ಇದೂ ಉದ್ದ.’

ಇದರಲ್ಲಿ ಎರಡು ಕೆಲಸಗಳು ನಡೆದಿವೆ. ಹಿಂದೆ ಕೇಳಿದ ನಾಲ್ಕಾರು ಭಾಷಣಗಳಿಂದ ಅವರು ಒಂದು ನಿಯಮವನ್ನು ಕಟ್ಟಿಕೊಂಡರು. ಅನಂತರ ಆ ನಿಯಮವನ್ನು ಈ ಹೊತ್ತಿನ ಭಾಷಣಕ್ಕೆ ಹಚ್ಚಿದರು. ಬಿಡಿಬಿಡಿಯಾದ ಸಂಗತಿಗಳಿಂದ ನಿಯಮಕ್ಕೆ ಏರುವುದನ್ನು ಅನುಗಮನವೆಂದೂ, ನಿಯಮದಿಂದ ಬಿಡಿ ಸಂಗತಿಗೆ ಇಳಿಯುವುದನ್ನು ನಿಗಮನವೆಂದೂ ನಮ್ಮ ತರ್ಕದ ಪುಸ್ತಕಗಳು ಕರೆಯುತ್ತವೆ. ಏಣಿ ಒಂದೇ, ಹತ್ತುವುದು ಬೇರೆ, ಇಳಿಯುವುದು ಬೇರೆ. ಇಳಿಯುವಾಗ ಒಂದು ಖಾತರಿ ಉಂಟು: ಮೊದಲ ಎರಡು ಮಾತುಗಳು ನಿಜವಾಗಿದ್ದರೆ ಮೂರನೆಯದು ನಿಜವಾಗಲೇ ಬೇಕು. ಹತ್ತುವಾಗ ಆ ಖಾತರಿ ಇಲ್ಲ. ಇಪ್ಪತ್ತು ಭಾಷಣಗಳು ಉದ್ದವಾಗಿದ್ದರೂ ಇಪ್ಪತ್ತೊಂದನೆಯದು ಚಿಕ್ಕದಾಗಿರಬಹುದು. ಆ ಭರವಸೆಯನ್ನು ಇಟ್ಟುಕೊಂಡು ಕೇಳಬೇಕೆಂದು ಹಿಂದಿನ ಸಾಲಿನವರಲ್ಲಿ ಅರಿಕೆ.

ಈ ವಿದ್ಯೆಯನ್ನು ಯಾರೂ ಕಾಲೇಜಿಗೆ ಹೋಗಿ ಕಲಿಯಬೇಕಾಗಿಲ್ಲ. ಒಲೆಯ ಮುಂದೆ ನಿಂತ ತಾಯಿ ಒಂದು ಅಗುಳನ್ನು ಹಿಸುಕಿ ನೋಡಿ ಪಾತ್ರೆಯನ್ನು ಇಳಿಸುತ್ತಾಳೆ. ಸಾವಿರ ಅಗುಳುಗಳ ವಿಷಯವನ್ನು ಒಂದು ಅಗುಳು ಹೇಳಿತು. ಸಂಸ್ಕೃತದಲ್ಲಿ ಇದಕ್ಕೆ ಸ್ಥಾಲೀಪುಲಾಕ ನ್ಯಾಯವೆಂದು ಹೆಸರು. ಆದರೆ ಆಕೆ ಆ ಅಗುಳನ್ನು ಎಲ್ಲಿಂದ ತೆಗೆದಳೆಂಬುದನ್ನು ಗಮನಿಸಿ. ತಳದಿಂದ ತೆಗೆಯಲಿಲ್ಲ, ಅಂಚಿಗೆ ಅಂಟಿಕೊಂಡದ್ದನ್ನು ತೆಗೆಯಲಿಲ್ಲ. ಸೌಟಿನಿಂದ ಒಮ್ಮೆ ತಿರುವಿ, ನಡುವಿನಿಂದ ತೆಗೆದಳು. ಹಳೆಯ ಅಕ್ಕಿಯೊಡನೆ ಹೊಸ ಅಕ್ಕಿ ಬೆರೆತಿದೆಯೆಂದು ಗೊತ್ತಿದ್ದರೆ ಒಂದಕ್ಕೆ ನಿಲ್ಲದೆ ಇನ್ನೆರಡು ಅಗುಳುಗಳನ್ನು ಹಿಸುಕುತ್ತಾಳೆ. ಅನುಗಮನದ ಗುಟ್ಟೆಲ್ಲ ಇಷ್ಟೆ: ನೋಡಿದ ಅಗುಳು ನೋಡದ ಅಗುಳುಗಳ ಜಾತಿಯದೇ ಆಗಿರಬೇಕು. ಪಕ್ಕದ ಒಲೆಯ ಪಾತ್ರೆಯ ಸಂಗತಿಯನ್ನು ಅದು ಹೇಳಲಾರದು.

ನಾವು ನೆಲೆಸಿರುವ ಈ ಆಂಧ್ರ ನಾಡಿಗೂ ತರ್ಕಕ್ಕೂ ಹಳೆಯ ನಂಟು. ನಮ್ಮ ಪಾಠಶಾಲೆಗಳಲ್ಲಿ ತರ್ಕವನ್ನು ಪ್ರಾರಂಭಿಸುವವರು ಮೊದಲು ಓದುವ ‘ತರ್ಕಸಂಗ್ರಹ’ವನ್ನು ಬರೆದ ಅನ್ನಂಭಟ್ಟರು ಆಂಧ್ರದವರು, 17ನೆಯ ಶತಮಾನದವರು. ಕಾಶಿಯಲ್ಲಿ ವಿದ್ವಾಂಸರಾಗಿ ಮೆರೆದರು. ಕಾಶಿಗೆ ಹೋದ ಮಾತ್ರಕ್ಕೆ ಎಲ್ಲರೂ ಅನ್ನಂಭಟ್ಟರಾಗುವುದಿಲ್ಲ ಎಂಬ ಗಾದೆ ಪಂಡಿತರಲ್ಲಿ ಉಂಟು. ಅವರ ಪುಸ್ತಕದ ಉದಾಹರಣೆ ಎಲ್ಲರಿಗೂ ಗೊತ್ತಿರುವುದೇ: ಬೆಟ್ಟದ ಮೇಲೆ ಹೊಗೆ ಕಾಣುತ್ತದೆ, ಆದುದರಿಂದ ಅಲ್ಲಿ ಬೆಂಕಿ ಇದೆ. ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆಂದು ತಿಳಿದದ್ದು ಹೇಗೆ? ಅಡುಗೆಮನೆಯಲ್ಲಿ ಮತ್ತೆ ಮತ್ತೆ ನೋಡಿ. ಈ ಮತ್ತೆ ಮತ್ತೆ ನೋಡುವುದಕ್ಕೆ ಭೂಯೋದರ್ಶನವೆಂದು ಹೆಸರು. ಅಡುಗೆಮನೆಯಲ್ಲಿ ಹತ್ತಿದೆವು, ಬೆಟ್ಟದ ಮೇಲೆ ಇಳಿದೆವು. ಎರಡೂ ಒಂದೇ ವಾಕ್ಯದಲ್ಲಿ ಸೇರಿಕೊಂಡಿವೆ. ಇದು ನಮ್ಮವರ ಜಾಣತನ. ಉದಾಹರಣೆಯನ್ನು ಕೊಡದೆ ಬರಿಯ ನಿಯಮವನ್ನು ಹೇಳಿದರೆ ಅವರು ಒಪ್ಪುತ್ತಿರಲಿಲ್ಲ. ಹೊಗೆಯೂ ಇಲ್ಲದ ಬೆಂಕಿಯೂ ಇಲ್ಲದ ಜಾಗವನ್ನೂ ತೋರಿಸೆನ್ನುತ್ತಿದ್ದರು. ಅದಕ್ಕೆ ದೊಡ್ಡ ಮಡುವನ್ನು ತೋರಿಸುತ್ತಿದ್ದರು.

ಮಾತನ್ನು ತಿರುಗಿಸಿದರೆ ಏನಾಗುತ್ತದೆ? ‘ಬೆಂಕಿ ಇದೆ, ಆದುದರಿಂದ ಹೊಗೆ ಇದೆ’ ಎನ್ನಬಹುದೆ? ಕೂಡದು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಉಂಟು, ಹೊಗೆ ಇಲ್ಲ. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವರಿಗೆ ಈ ಉದಾಹರಣೆಯನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಮನೆಯ ಗ್ಯಾಸಿನ ಒಲೆಯೂ ಅದನ್ನೇ ಹೇಳುತ್ತದೆ. ಹೊಗೆ ಬರಬೇಕಾದರೆ ಬೆಂಕಿಯ ಜೊತೆಗೆ ಹಸಿ ಸೌದೆಯೂ ಇರಬೇಕು. ನಿಯಮದ ಹಿಂದೆ ಹೀಗೆ ಅಡಗಿ ಕುಳಿತ ಷರತ್ತನ್ನು ತಾರ್ಕಿಕರು ಉಪಾಧಿ ಎಂದರು. ಇನ್ನೂ ಒಂದು ಮೋಸವಿದೆ: ಚಳಿಗಾಲದಲ್ಲಿ ಬೆಳಗಿನ ಹೊತ್ತು ಅರಕು ಕಣಿವೆಯ ಕಡೆಗೆ ರೈಲಿನಲ್ಲಿ ಹೋದರೆ ಬೆಟ್ಟದ ತುಂಬ ಹೊಗೆ ಕವಿದಂತೆ ಕಾಣುತ್ತದೆ. ಅದು ಮಂಜು. ಅಲ್ಲಿ ನಿಯಮವೂ ಸರಿ, ಇಳಿದ ಕ್ರಮವೂ ಸರಿ, ಕಣ್ಣು ಕಂಡದ್ದು ಮಾತ್ರ ತಪ್ಪು.

ಹೊಗೆಯ ಮಾತು ಬಂದದ್ದು ಒಳ್ಳೆಯದಾಯಿತು. ನಮ್ಮ ಹೊಗೆಗೆ ತೆಲುಗಿನಲ್ಲಿ ‘ಪೊಗ’ ಎಂದು ಹೆಸರು. ಈ ಊರುಗಳಿಗೆ ಬಂದ ಕನ್ನಡಿಗರೆಲ್ಲರೂ ಮೊದಲ ತಿಂಗಳಲ್ಲೇ, ತಮಗೆ ತಿಳಿಯದಂತೆಯೇ, ಒಂದು ದೊಡ್ಡ ಅನುಗಮನವನ್ನು ಮಾಡುತ್ತಾರೆ. ವಿಜಯವಾಡದಲ್ಲಿ ಹಾಲಿನವನು ‘ಪಾಲು’ ಎನ್ನುತ್ತಾನೆ. ಪಾಲು ಎಂದರೆ ಆಸ್ತಿಯ ಭಾಗವಲ್ಲವೆ ಎಂದು ಒಂದು ಗಳಿಗೆ ಬೆರಗಾಗುತ್ತೇವೆ. ಹಣ್ಣು ಪಂಡು, ಹಾವು ಪಾಮು, ಹುಲಿ ಪುಲಿ, ಹಂದಿ ಪಂದಿ, ಹತ್ತಿ ಪತ್ತಿ, ಹೊಲ ಪೊಲಂ, ಹೊಟ್ಟೆ ಪೊಟ್ಟ. ನಾಲ್ಕು ಮಾತು ಕೇಳುವ ಹೊತ್ತಿಗೆ ನಿಯಮ ತಾನಾಗಿ ಮನಸ್ಸಿನಲ್ಲಿ ಕುಳಿತಿರುತ್ತದೆ: ಕನ್ನಡದ ಹಕಾರ ಇದ್ದಲ್ಲಿ ತೆಲುಗಿನ ಪಕಾರ. ಇನ್ನು ಇಳಿಯುವುದು ಸುಲಭ. ‘ಹಗಲು’ ಎಂಬುದಕ್ಕೆ ಏನೆನ್ನುತ್ತಾರೆ? ಯಾರನ್ನೂ ಕೇಳದೆ ‘ಪಗಲು’ ಎನ್ನಬಹುದು, ಸರಿಯಾಗಿಯೇ ಇರುತ್ತದೆ. ಹೆಸರುಕಾಳು ಇಲ್ಲಿ ‘ಪೆಸಲು’ ಎಂದು ತಿಳಿದವರಿಗೆ ಹೋಟೆಲಿನ ಪೆಸರಟ್ಟು ಯಾವುದರಿಂದ ಮಾಡಿದ್ದೆಂದು ಮಾಣಿ ಬಿಡಿಸಿ ಹೇಳಬೇಕಾಗಿಲ್ಲ.

ಈ ಸುಲಭಕ್ಕೆ ಮರುಳಾದವರು ಮಾರುಕಟ್ಟೆಯಲ್ಲಿ ಎಡವುತ್ತಾರೆ. ಹೀರೆಕಾಯಿಗೆ ‘ಪೀರಕಾಯ’ ಎಂದರೆ ಯಾರಿಗೂ ತಿಳಿಯುವುದಿಲ್ಲ, ಅದು ಬೀರಕಾಯ. ಹಾಗಲಕಾಯಿಯಂತೂ ಕಾಕರಕಾಯ. ಕಹಿಯ ಕಾಯಿ ನಿಯಮಕ್ಕೂ ಕಹಿಯೇ. ಕ್ರಿಯಾಪದಗಳಿಗೆ ಬಂದರೆ ಇನ್ನೂ ಕಷ್ಟ. ಊಟಕ್ಕೆ ಕುಳಿತು ‘ಅನ್ನ ಹಾಕಿ’ ಎನ್ನುವುದಕ್ಕೆ ‘ಪಾಕಂಡಿ’ ಎಂದರೆ ಬಡಿಸುವವರು ನೆಲದ ಮೇಲೆ ತೆವಳಬೇಕಾಗುತ್ತದೆ. ‘ಬೆಲೆ ಹೇಳಿ’ ಎನ್ನಲು ‘ಪೇಲಂಡಿ’ ಎಂದರೆ ‘ಸಿಡಿಯಿರಿ’ ಎಂದಂತಾಗುತ್ತದೆ. ಅಂಗಡಿಯವನು ನಿಜವಾಗಿಯೂ ಸಿಡಿದರೆ ತಪ್ಪು ಅವನದಲ್ಲ. ಇನ್ನು ನಿಯಮವನ್ನು ತಿರುಗಿಸಿ, ತೆಲುಗಿನ ಪಕಾರವಿದ್ದಲ್ಲೆಲ್ಲ ಕನ್ನಡದ ಹಕಾರ ಎಂದು ಹೊರಟರೆ, ಇಲ್ಲಿನ ‘ಪುಸ್ತಕಂ’ ನಮ್ಮಲ್ಲಿ ‘ಹುಸ್ತಕ’ವಾಗಬೇಕು, ‘ಪೂಜ’ ‘ಹೂಜೆ’ಯಾಗಬೇಕು. ಬೆಂಕಿ ಇದ್ದಲ್ಲೆಲ್ಲ ಹೊಗೆ ಎಂದವನ ತಪ್ಪೂ ಇದೇ.

ಹಾಗಾದರೆ ನಮ್ಮ ನಿಯಮದ ಹಸಿ ಸೌದೆ ಯಾವುದು? ಮೊದಲನೆಯದಾಗಿ, ಮಾತು ಎರಡು ಭಾಷೆಗಳಿಗೂ ಒಂದೇ ಬೇರಿನಿಂದ ಬಂದ ದೇಶ್ಯಪದವಾಗಿರಬೇಕು. ಸಂಸ್ಕೃತದಿಂದ ಈಚೆಗೆ ಬಂದ ಮಾತುಗಳಿಗೆ ಇದು ಹತ್ತುವುದಿಲ್ಲ. ಎರಡನೆಯದಾಗಿ, ಪಕಾರ ಮಾತಿನ ಮೊದಲಲ್ಲಿ ಇರಬೇಕು. ಉಪ್ಪು ಎರಡು ಕಡೆಯೂ ಉಪ್ಪೇ. ಇದಕ್ಕೆ ಕಾರಣ ಚರಿತ್ರೆಯಲ್ಲಿದೆ. ಕ್ರಿ.ಶ. 941ರಲ್ಲಿ ಕಾವ್ಯ ಬರೆದ ಪಂಪನ ಕನ್ನಡದಲ್ಲಿ ಪಾಲ್, ಪುಲಿ, ಪೂ ಎಂದೇ ಇತ್ತು. ಅಲ್ಲಿಂದ ಈಚೆಗೆ ಕ್ರಮಕ್ರಮವಾಗಿ ನಾವು ಪಕಾರವನ್ನು ಬಿಟ್ಟು ಹಕಾರಕ್ಕೆ ಬಂದೆವು; ತೆಲುಗರು ಅಲ್ಲಿಯೇ ಉಳಿದರು. ಪಂಪನ ಹಿರಿಯರು ವೆಂಗಿ ಮಂಡಲದವರೆಂಬುದನ್ನು ಅವನೇ ಹೇಳಿಕೊಂಡಿದ್ದಾನೆ. ಆ ವೆಂಗಿ, ಏಲೂರಿನ ಹತ್ತಿರದ ಇಂದಿನ ಪೆದವೇಗಿ. ವಿಜಯವಾಡದಿಂದ ಬೆಳಗ್ಗೆ ಹೊರಟರೆ ಊಟದ ಹೊತ್ತಿಗೆ ನೋಡಿಕೊಂಡು ಹಿಂದಿರುಗಬಹುದು. ನಮ್ಮ ಆದಿಕವಿಯ ಹಿರಿಯರ ಊರಿನ ಮಗ್ಗುಲಲ್ಲಿ ಹಾಲು ಮಾರುವವನು ‘ಪಾಲು’ ಎಂದು ಕೂಗಿದರೆ, ಅವನು ಕೂಗುತ್ತಿರುವುದು ಹೆಚ್ಚು ಕಡಮೆ ಪಂಪನ ಮಾತನ್ನೇ. ಇದು ಒಂದು ಪ್ರಾಸಂಗಿಕ ಮಾತು. ಆದರೂ ಕಾರಣ ತಿಳಿದ ನಿಯಮಕ್ಕೂ ಬರಿಯ ಎಣಿಕೆಯಿಂದ ಹುಟ್ಟಿದ ನಿಯಮಕ್ಕೂ ಇರುವ ಅಂತರವನ್ನು ಇದು ಚೆನ್ನಾಗಿ ತೋರಿಸುತ್ತದೆ. ಕಾರಣ ತಿಳಿದವನಿಗೆ ನಿಯಮ ಎಲ್ಲಿ ನಿಲ್ಲುತ್ತದೆಂಬುದೂ ತಿಳಿದಿರುತ್ತದೆ.

ಮಾತುಗಳ ವಿಷಯದಲ್ಲಿ ಎಡವಿದರೆ ನಗೆ. ಮನುಷ್ಯರ ವಿಷಯದಲ್ಲಿ ಎಡವಿದರೆ ನಗೆಯಲ್ಲ. ‘ಕನ್ನಡದವರು ಸಾರಿಗೂ ಬೆಲ್ಲ ಹಾಕುತ್ತಾರೆ’ ಎಂದು ಇಲ್ಲಿನ ನೆರೆಯವರು ನಮ್ಮನ್ನು ಹಾಸ್ಯ ಮಾಡುವುದುಂಟು. ಅವರು ರುಚಿ ನೋಡಿದ್ದು ಮೈಸೂರಿನ ಕಡೆಯ ಒಂದು ಮನೆಯ ಸಾರು, ಅಥವಾ ಉಡುಪಿಯ ಹೋಟೆಲಿನ ಸಾಂಬಾರು. ವಿಜಯಪುರದ ಕಡೆಯ ಮನೆಯಲ್ಲಿ ಖಡಕ್ ರೊಟ್ಟಿಯ ಜೊತೆಗೆ ರಂಜಕವನ್ನು ನೆಂಜಿಕೊಂಡಿದ್ದರೆ ನಿಯಮ ಬೇರೆಯಾಗುತ್ತಿತ್ತು. ನಾವೂ ಕಡಮೆಯಿಲ್ಲ. ಗುಂಟೂರಿನ ಮೆಣಸಿನಕಾಯಿಯ ಹೆಸರು ಕೇಳಿ, ಆಂಧ್ರರ ಅಡುಗೆಯೆಲ್ಲ ಬೆಂಕಿಯೆಂದು ಹೇಳಿಕೊಂಡು ತಿರುಗುತ್ತೇವೆ. ಅವರ ಮನೆಯ ಮುದ್ದಪಪ್ಪನ್ನು ತುಪ್ಪದೊಡನೆ ತಿಂದವರು ಹೀಗೆ ಹೇಳಲಾರರು. ಅಡುಗೆಯ ಮಟ್ಟಿಗೆ ಇದು ಸಹ್ಯವೇ. ಆದರೆ ಒಬ್ಬ ಆಟೋದವನು ಹತ್ತು ರೂಪಾಯಿ ಹೆಚ್ಚು ಕೇಳಿದನೆಂದು ‘ಈ ಊರಿನವರೇ ಹೀಗೆ’ ಎನ್ನುವುದು, ಒಬ್ಬ ಬಾಡಿಗೆದಾರನು ಬಾಕಿ ಉಳಿಸಿ ಹೋದನೆಂದು ‘ಆ ಕಡೆಯವರಿಗೆ ಮನೆ ಕೊಡುವುದಿಲ್ಲ’ ಎನ್ನುವುದು, ಇವು ಒಂದು ಅಗುಳನ್ನು ನೋಡಿ ಊರಿನ ಎಲ್ಲ ಮನೆಗಳ ಅನ್ನವನ್ನೂ ಬೆಂದಿಲ್ಲವೆಂದು ಚೆಲ್ಲಿದಂತೆ. ವಿಚಿತ್ರವೇನೆಂದರೆ, ನೂರು ಆಟೋದವರು ಸರಿಯಾದ ಬಾಡಿಗೆ ತೆಗೆದುಕೊಂಡು ಹೋದದ್ದು ನಮ್ಮ ಲೆಕ್ಕಕ್ಕೆ ಬಂದಿರುವುದೇ ಇಲ್ಲ. ನೆನಪು ನ್ಯಾಯವಾದ ತಕ್ಕಡಿಯಲ್ಲ. ನೋವಾದದ್ದನ್ನು ಹೆಚ್ಚು ತೂಗುತ್ತದೆ. 1956ನೆಯ ಇಸವಿ ನವೆಂಬರ್ 1ರಂದು ಕನ್ನಡನಾಡು ಒಂದಾಯಿತು. ಅದೇ ದಿನ ಆಂಧ್ರಪ್ರದೇಶವೂ ಹುಟ್ಟಿತು. ಒಂದೇ ದಿನ ಹುಟ್ಟುಹಬ್ಬವಿರುವ ನೆರೆಯವರು ಒಬ್ಬರನ್ನೊಬ್ಬರು ಇಷ್ಟು ಅಗ್ಗದ ಅನುಗಮನದಿಂದ ಅಳೆಯಬಾರದು.

ಇನ್ನು ಪ್ರಾಣಕ್ಕೇ ಸಂಬಂಧಿಸಿದ ತರ್ಕಕ್ಕೆ ಬರುತ್ತೇವೆ. 2024ನೆಯ ಇಸವಿ ಆಗಸ್ಟ್ ಕೊನೆಯ ದಿನ ಹಿಡಿದ ಮಳೆಯನ್ನು ವಿಜಯವಾಡದವರು ಮರೆತಿಲ್ಲ. ಮಳೆ ಜೋರಾದರೆ ವಿಜಯವಾಡದಲ್ಲಿ ಎಲ್ಲರ ಕಣ್ಣೂ ಪ್ರಕಾಶಂ ಬ್ಯಾರೇಜಿನ ಕಡೆಗೆ ತಿರುಗುತ್ತದೆ. ಅದು ಸ್ವಾಭಾವಿಕ. 1850ರ ದಶಕದಲ್ಲಿ ಕೃಷ್ಣೆಗೆ ಅಲ್ಲಿ ಅಣೆಕಟ್ಟು ಕಟ್ಟಿದಂದಿನಿಂದ, 1957ರಲ್ಲಿ ಇಂದಿನ ಬ್ಯಾರೇಜು ಸಿದ್ಧವಾದ ಮೇಲೂ, ಊರಿನ ಸುಖದುಃಖಗಳನ್ನು ಆ ನೀರಿನ ಮಟ್ಟದಿಂದಲೇ ಅಳೆದು ಬಂದಿದ್ದಾರೆ. 2009ರ ಅಕ್ಟೋಬರಿನಲ್ಲಿ ಸುಮಾರು 11 ಲಕ್ಷ ಕ್ಯೂಸೆಕ್ ನೀರು ಬಂದಾಗಲೂ ನಗರದ ಬಹುಭಾಗ ಉಳಿದುಕೊಂಡಿತು. ಹೀಗಾಗಿ ಅನೇಕರ ಮನಸ್ಸಿನಲ್ಲಿ ಒಂದು ನಿಗಮನ ಸಿದ್ಧವಾಗಿತ್ತು: ‘ಊರಿಗೆ ನೆರೆ ಬರುವುದು ಕೃಷ್ಣೆಯಿಂದ; ನಮ್ಮ ಬೀದಿ ಕೃಷ್ಣೆಗೆ ದೂರ; ಆದುದರಿಂದ ನಮ್ಮ ಬೀದಿಗೆ ನೆರೆ ಬರುವುದಿಲ್ಲ.’

ಕ್ರಮದಲ್ಲಿ ಒಂದು ಎಳೆಯ ತಪ್ಪೂ ಇಲ್ಲ. ಆದರೆ ಸೆಪ್ಟೆಂಬರ್ 1ರಂದು ಸಿಂಗ್ ನಗರದ ಕಡೆಯ ಬೀದಿಗಳಿಗೆ ನುಗ್ಗಿದ್ದು ಕೃಷ್ಣೆಯಲ್ಲ, ಬುಡಮೇರು. ಅದೊಂದು ಹಳ್ಳ. ಮೈಲವರಂ ಕಡೆಯ ಗುಡ್ಡಗಳಲ್ಲಿ ಹುಟ್ಟಿ, ಊರಿನ ಬೆನ್ನ ಹಿಂದೆ ಹಾದು, ಕೊಲ್ಲೇರು ಸರೋವರವನ್ನು ಸೇರುತ್ತದೆ. ಬೇಸಗೆಯಲ್ಲಿ ನೋಡಿದವರು ಅದನ್ನು ಚರಂಡಿಯೆಂದೇ ತಿಳಿಯುತ್ತಾರೆ. ಅದರ ನೆರೆಯನ್ನು ತಪ್ಪಿಸಲು ವೆಲಗಲೇರಿನಲ್ಲಿ ನೀರನ್ನು ತಡೆದು, ಒಂದು ಕಾಲುವೆಯ ಮೂಲಕ ಇಬ್ರಾಹೀಂಪಟ್ಟಣದ ಬಳಿ ಕೃಷ್ಣೆಗೆ ಬಿಡುವ ಏರ್ಪಾಡು ಉಂಟು. ಈಗ ಇಲ್ಲಿಂದ ನಾವೇ ಇಳಿದು ನೋಡೋಣ. ಕಾಲುವೆಯ ನೀರು ಕೃಷ್ಣೆಗೆ ಬೀಳಬೇಕಾದರೆ ಕೃಷ್ಣೆಯ ಮಟ್ಟ ಕಾಲುವೆಗಿಂತ ಕೆಳಗಿರಬೇಕು. ಆ ದಿನಗಳಲ್ಲಿ ಕೃಷ್ಣೆಯೇ ತುಂಬಿ ಹರಿಯುತ್ತಿತ್ತು, ಬ್ಯಾರೇಜಿನಲ್ಲಿ 11.4 ಲಕ್ಷ ಕ್ಯೂಸೆಕ್‌ಗೆ ಮುಟ್ಟಿ 2009ರ ದಾಖಲೆಯನ್ನೂ ಮೀರಿತು. ಹಾಗಾದರೆ ಕಾಲುವೆಯ ನೀರು ಹೋಗುವುದೆಲ್ಲಿಗೆ? ಹಿಂದಕ್ಕೆ ಒತ್ತಬೇಕು, ಇಲ್ಲವೆ ಏರಿಯನ್ನು ಒಡೆಯಬೇಕು. ಏರಿ ಮೂರು ಕಡೆ ಒಡೆಯಿತು. ಮಹಡಿಯಿಲ್ಲದ ಮನೆಗಳವರು ದಿನಗಟ್ಟಲೆ ಅನುಭವಿಸಿದ ಕಷ್ಟವನ್ನು ಈ ಸಭೆಯಲ್ಲಿ ವಿಸ್ತರಿಸಬೇಕಾಗಿಲ್ಲ. ಹಾಲಿನ ಪೊಟ್ಟಣಗಳನ್ನೂ ಕುಡಿಯುವ ನೀರನ್ನೂ ಹೊತ್ತು ಆ ನೀರಿನಲ್ಲಿ ನಡೆದವರು ನಮ್ಮ ನಡುವೆಯೂ ಇದ್ದಾರೆ.

ಇಲ್ಲಿ ಕೆಟ್ಟದ್ದು ಇಳಿಯುವ ಮೆಟ್ಟಿಲಲ್ಲ, ಹತ್ತಿದ ಮೆಟ್ಟಿಲು. ‘ನೆರೆ ಬರುವುದು ಕೃಷ್ಣೆಯಿಂದ’ ಎಂಬ ಮೊದಲ ಮಾತನ್ನು ಯಾರೂ ಮತ್ತೆ ಪರೀಕ್ಷಿಸಿರಲಿಲ್ಲ. 2005ರಲ್ಲಿಯೂ ಬುಡಮೇರು ಊರೊಳಕ್ಕೆ ಬಂದಿತ್ತು. ಆದರೆ ಆ ಮೇಲೆ ಹದಿನೆಂಟು ಮಳೆಗಾಲಗಳು ಹಾಗೆ ಹೀಗೆ ಕಳೆದುವು. ಈ ನಡುವೆ ಬಂದು ನೆಲೆಸಿದವರ ಭೂಯೋದರ್ಶನದಲ್ಲಿ ಇದ್ದದ್ದೆಲ್ಲ ಒಣ ಬೀದಿಯೇ. ಹದಿನೆಂಟು ಒಣ ವರ್ಷಗಳಿಗಿಂತ ಒಂದು ಒದ್ದೆ ವರ್ಷವನ್ನು ಕಂಡ ಅಜ್ಜಿಯ ಸಾಕ್ಷ್ಯ ದೊಡ್ಡದು. ಮನೆ ಕೊಳ್ಳುವವರು ಕಾಗದಪತ್ರಗಳನ್ನು ವಕೀಲರಿಗೆ ತೋರಿಸುತ್ತಾರೆ, ವಾಸ್ತುವನ್ನೂ ತೋರಿಸುತ್ತಾರೆ. ಬೀದಿಯ ತುದಿಯ ಹಳೆಯ ಮನೆಗೆ ಹೋಗಿ ‘ಅಮ್ಮಾ, ನೀರು ಎಲ್ಲಿಯ ವರೆಗೆ ಬಂದಿತ್ತು?’ ಎಂದು ಕೇಳುವವರು ಅಪರೂಪ. ಕೇಳಿದರೆ ಆಕೆ ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾಳೆ. ನಮ್ಮ ಪಾಲಿಗೆ ಆ ಕೈ ಇರುವ ಎತ್ತರ ಒಂದು ಪಾಠಶಾಲೆ.

ವಿಶಾಖಪಟ್ಟಣದ ಸಭಿಕರು ತಮ್ಮ ಸರದಿ ಯಾವಾಗ ಎಂದು ಕಾಯುತ್ತಿರಬಹುದು. ಡಾಲ್ಫಿನ್ಸ್ ನೋಸ್ ಬೆಟ್ಟ ಕಡಲಿಗೆ ಮೂಗು ಚಾಚಿ ನಿಂತಿರುವುದರಿಂದ ಚಂಡಮಾರುತ ಈ ಊರನ್ನು ಮುಟ್ಟದು ಎಂಬ ಮಾತನ್ನು ಇಲ್ಲಿ ಎಷ್ಟೋ ಮನೆಗಳಲ್ಲಿ ಕೇಳಿದ್ದೇವೆ. ಅನೇಕ ಬಿರುಗಾಳಿಗಳು ಬೇರೆ ಕಡೆ ದಡ ಮುಟ್ಟಿದುದರಿಂದ ಹುಟ್ಟಿದ ನಂಬಿಕೆ ಅದು. 2014ನೆಯ ಇಸವಿ ಅಕ್ಟೋಬರ್ 12ರಂದು ಹುದ್‌ಹುದ್ ಎಂಬುದು ಸರಿಯಾಗಿ ಈ ಊರಿನ ಮೇಲೆಯೇ ದಡ ಮುಟ್ಟಿತು; ಗಾಳಿಯ ವೇಗ ಗಂಟೆಗೆ ಸುಮಾರು 180 ಕಿಲೋಮೀಟರು. ಬೆಟ್ಟ ಇದ್ದಲ್ಲಿಯೇ ಇತ್ತು. ಆದರೆ ನಾವು ಹೇಳಬೇಕೆಂದಿರುವುದು ಅದಲ್ಲ, ನಡುಹಗಲಿನ ಸಂಗತಿ. ಬೆಳಗಿನಿಂದ ಭೋರಿಟ್ಟ ಗಾಳಿ ಮಧ್ಯಾಹ್ನದ ಹೊತ್ತಿಗೆ ತಗ್ಗಿತು. ಗಾಳಿ ನಿಂತರೆ ಬಿರುಗಾಳಿ ಮುಗಿಯಿತೆಂದು ಎಲ್ಲ ಮಳೆಗಾಲಗಳ ಅನುಭವ ಹೇಳುತ್ತದೆ. ಹೊರಗೆ ಬಂದು ಮುರಿದ ಮರವನ್ನು ಸರಿಸೋಣವೆಂದು ಯಾರಿಗಾದರೂ ಅನ್ನಿಸುವುದು ಸಹಜ. ಚಂಡಮಾರುತದ ಕಟ್ಟಡವನ್ನು ತಿಳಿದವರು ಮಾತ್ರ ಬಾಗಿಲನ್ನು ತೆಗೆಯಲಿಲ್ಲ. ಅದು ಬುಗುರಿಯಂತೆ ಸುತ್ತುವ ಗಾಳಿ. ನಡುವೆ ಶಾಂತವಾದ ಕಣ್ಣು. ಕಣ್ಣು ನಮ್ಮ ಮೇಲೆ ಬಂದಿದೆಯೆಂದರೆ ಅರ್ಧ ಗಾಳಿ ದಾಟಿದೆ, ಇನ್ನರ್ಧ ಬರಬೇಕು. ಬರುವುದು ಎದುರು ದಿಕ್ಕಿನಿಂದ. ಬೆಳಗ್ಗೆ ಒಂದು ಕಡೆಗೆ ಬಾಗಿ ಬೇರು ಸಡಿಲವಾದ ಮರ ಈಗ ಇನ್ನೊಂದು ಕಡೆಗೆ ಬೀಳುತ್ತದೆ. ಇದು ಅಚ್ಚ ನಿಗಮನ. ಅನುಭವ ಬಾ ಎನ್ನುತ್ತಿತ್ತು, ನಿಯಮ ನಿಲ್ಲು ಎನ್ನುತ್ತಿತ್ತು. ನಿಯಮದ ಮಾತು ಗೆದ್ದಿತು.

2020ರ ಮೇ 7ರ ನಸುಕಿನ ಸಂಗತಿ ಇದಕ್ಕಿಂತ ದಾರುಣವಾದದ್ದು. ಆರ್.ಆರ್. ವೆಂಕಟಾಪುರದ ಬಳಿಯ ಕಾರ್ಖಾನೆಯಿಂದ ಸ್ಟೈರೀನ್ ಎಂಬ ರಾಸಾಯನಿಕದ ಆವಿ ಹೊರಬಿದ್ದು, ಹತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಬೆಂಕಿ ಬಿದ್ದ ಮನೆಯಲ್ಲಿ ನೆಲಕ್ಕೆ ಬಾಗಿ ನಡೆಯಬೇಕೆಂದು ಮಕ್ಕಳಿಗೆ ಕಲಿಸುತ್ತಾರೆ. ಅದು ಒಳ್ಳೆಯ ನಿಯಮ. ಕಾದ ಹೊಗೆ ಹಗುರವಾಗಿ ಮೇಲಕ್ಕೇರುವುದರಿಂದ ನೆಲದ ಹತ್ತಿರ ಉಸಿರಾಡಬಹುದು. ಸ್ಟೈರೀನಿನ ಆವಿ ಗಾಳಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ, ತಗ್ಗಿನಲ್ಲಿ ಹರಡಿಕೊಳ್ಳುತ್ತದೆ. ಅಲ್ಲಿ ಬಾಗುವುದೇ ಅಪಾಯ. ಎತ್ತರಕ್ಕೆ, ಗಾಳಿಗೆ ಅಡ್ಡವಾಗಿ ದೂರಕ್ಕೆ ಹೋಗಬೇಕು. ‘ಬಾಗಿ ನಡೆ’ ಎಂದು ಮಾತ್ರ ಕಲಿತ ಮಗುವಿಗೆ ಇದು ತಿಳಿಯದು. ‘ಹೊಗೆ ಮೇಲಕ್ಕೇರುತ್ತದೆ, ಅದಕ್ಕೆ ಬಾಗಬೇಕು’ ಎಂದು ಕಾರಣದೊಡನೆ ಕಲಿತ ಮಗು, ಇದು ಮೇಲಕ್ಕೇರುವುದೋ ಕೆಳಗಿಳಿಯುವುದೋ ಎಂದಾದರೂ ಕೇಳುತ್ತದೆ. ಕಾರ್ಖಾನೆಗಳ ನಡುವೆ ಬಾಳುವ ಊರಿನಲ್ಲಿ ಮನೆಯ ಹತ್ತಿರ ಏನು ಶೇಖರಿಸಿದ್ದಾರೆ, ಅದು ಭಾರವೋ ಹಗುರವೋ ಎಂದು ಮೊದಲೇ ಕೇಳಿ ತಿಳಿದುಕೊಳ್ಳುವುದು ಪೌರರ ಹಕ್ಕು. ಹೇಳುವುದು ಕಾರ್ಖಾನೆಯವರ ಕರ್ತವ್ಯ.

ಇಂಥ ದೊಡ್ಡ ಸಂದರ್ಭಗಳು ಅಭ್ಯಾಸ ಮಾಡುವುದಕ್ಕೆ ತಕ್ಕವಲ್ಲ. ಅಭ್ಯಾಸವನ್ನು ಚಿಕ್ಕವುಗಳಲ್ಲಿ ಮಾಡಬೇಕು. ರಾತ್ರಿ ಫ್ಯಾನು ನಿಂತಿತು. ‘ಕರೆಂಟು ಹೋಯಿತು’ ಎಂದು ಕೂಗುವ ಮುನ್ನ, ಕರೆಂಟು ಹೋಗಿದ್ದರೆ ಇನ್ನೇನು ಆಗಿರಬೇಕೆಂದು ಕೇಳಿಕೊಳ್ಳಿ. ಪಕ್ಕದ ಮನೆಯಲ್ಲೂ ಕತ್ತಲಿರಬೇಕು. ಅಲ್ಲಿ ದೀಪ ಉರಿಯುತ್ತಿದೆಯೆ? ಹಾಗಾದರೆ ನಮ್ಮ ಮನೆಯ ಫ್ಯೂಸ್ ನೋಡಬೇಕು. ನಮ್ಮದೇ ಇನ್ನೊಂದು ಕೋಣೆಯ ದೀಪವೂ ಉರಿಯುತ್ತಿದೆಯೆ? ಹಾಗಾದರೆ ಫ್ಯಾನನ್ನೇ ನೋಡಬೇಕು. ಮಗುವಿಗೆ ಮೈಯೆಲ್ಲ ದದ್ದು ಎದ್ದಿತು. ನಿನ್ನೆ ಸೀಗಡಿ ತಿಂದಿತ್ತು. ಸೀಗಡಿಯೇ ಕಾರಣವೆಂದು ತೀರ್ಮಾನಿಸುವ ಮುನ್ನ, ಹಿಂದೆ ಸೀಗಡಿ ತಿಂದಾಗ ಏನಾಯಿತು, ತಿನ್ನದಿದ್ದ ದಿನ ಎಂದಾದರೂ ದದ್ದು ಎದ್ದಿತ್ತೆ, ಎರಡನ್ನೂ ಡಾಕ್ಟರರಿಗೆ ಹೇಳಿ. ಅನ್ನಂಭಟ್ಟರ ಅಡುಗೆಮನೆಯೂ ಮಡುವೂ ಇವೇ. ನಮಗೆ ಒಪ್ಪುವ ನಿದರ್ಶನವನ್ನು ಹುಡುಕುವುದು ಎಲ್ಲರಿಗೂ ಸುಲಭ, ಒಪ್ಪದ ನಿದರ್ಶನವನ್ನು ತಾನಾಗಿಯೇ ಹುಡುಕಿಕೊಂಡು ಹೋಗುವುದರಲ್ಲಿ ಅಭ್ಯಾಸ ಬೇಕು.

ಕಾಫಿಯ ಪರಿಮಳ ಬರುತ್ತಿದೆ. ಕಾಫಿ ಸಿದ್ಧವಾಗಿದೆಯೆಂದು ಹಿಂದಿನ ಸಾಲಿನವರು ಆಗಲೇ ಅನುಮಾನ ಮಾಡಿದ್ದಾರೆ. ಮಕ್ಕಳಿಗೆ ಒಂದು ಕೆಲಸ ಕೊಟ್ಟು ಬಿಡುತ್ತೇವೆ. ನಮ್ಮ ಬೆಣ್ಣೆ ತೆಲುಗಿನಲ್ಲಿ ವೆನ್ನ, ಬೇವು ವೇಪ, ಬೇರು ವೇರು, ಬಿಲ್ಲು ವಿಲ್ಲು, ಬೇಸಗೆ ವೇಸವಿ. ಇದರಿಂದ ಯಾವ ನಿಯಮ ಹೊರಡುತ್ತದೆಂಬುದು ನಿಮಗೆ ಈಗಾಗಲೇ ಹೊಳೆದಿರಬೇಕು. ಅದನ್ನು ಒಂದು ಕಾಗದದ ಮೇಲೆ ಬರೆದುಕೊಂಡು, ಬೆಳ್ಳುಳ್ಳಿ, ಬೆಲ್ಲ, ಬೆಂಡೆಕಾಯಿ, ಬಾಳೆಹಣ್ಣು ಈ ನಾಲ್ಕಕ್ಕೂ ಇಲ್ಲಿ ಏನೆನ್ನಬೇಕೆಂದು ಯಾರನ್ನೂ ಕೇಳದೆ ಮೊದಲು ಊಹಿಸಿ ಬರೆಯಿರಿ. ನಾಳೆ ಅಮ್ಮನ ಜೊತೆಗೆ ಚೀಲ ಹಿಡಿದು ಮಾರುಕಟ್ಟೆಗೆ ಹೋಗಿ, ಅಂಗಡಿಯವರ ಬಾಯಿಂದಲೇ ಕೇಳಿ, ಸರಿಯಾದುದಕ್ಕೆ ಒಂದು ಗುರುತು, ತಪ್ಪಿದುದಕ್ಕೆ ಒಂದು ಗುರುತು ಹಾಕಿಕೊಂಡು ಬನ್ನಿ. ನಾಲ್ಕೂ ಸರಿಯಾಯಿತೆಂದು ಯಾರಾದರೂ ಬಂದು ಹೇಳಿದರೆ, ಅವರು ಮಾರುಕಟ್ಟೆಗೆ ಹೋಗಿಲ್ಲವೆಂದು ನಾವು ತಿಳಿಯುತ್ತೇವೆ.